ಗಾಳಿಮರೆಯಿಲ್ಲದ 38 ಕಿಲೋಮೀಟರ್

ರಾತ್ರಿ ಒಂದೂವರೆಗೆ ಟೆಂಟ್ ನನ್ನ ಮುಖದ ಮೇಲೆ ಬಂತು. ಗಾಳಿಯ ಕಡೆಯ ಗೂಟ ಮರಳಿನಿಂದ ಕಿತ್ತುಬಂದು, ಆ ಬದಿಯ ಬಟ್ಟೆ ಮೂಗಿಗೆ ಪಟಪಟ ಬಡಿಯತೊಡಗಿತ್ತು. ಎದ್ದು ಕೂತು ಟೆಂಟಿನ ಕೋಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಹಾಗೆ ಎಷ್ಟು ಹೊತ್ತು ಕೂತಿದ್ದೆನೋ, ಮಳೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯುವವಳ ಹಾಗೆ. ತಮ್ಮನ ಟೆಂಟ್ ಇದ್ದದ್ದು ಆರಡಿ ದೂರದಲ್ಲಿ. ಕೂಗಿದೆ. ಮತ್ತೆ ಕೂಗಿದೆ. ಬೆಳಿಗ್ಗೆ ಕೇಳಿದರೆ, ಅವನೂ ಅದೇ ಹೊತ್ತಿಗೆ ತನ್ನ ಕೋಲು ಹಿಡಿದುಕೊಂಡು ನನ್ನನ್ನು ಕೂಗುತ್ತಿದ್ದನಂತೆ.

ನಾವಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, ಮೊಹಾವಿ ಮರುಭೂಮಿಯ ಪಶ್ಚಿಮದ ಅಂಚಿನಲ್ಲಿ, ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನ 535ನೇ ಮೈಲಿಯ ಹತ್ತಿರ. ಜಾಗದ ಹೆಸರು ಕಾಟನ್‌ವುಡ್ ಕ್ರೀಕ್. ಹೆಸರಿಗೆ ಹಳ್ಳ, ಅದಕ್ಕೊಂದು ಸೇತುವೆಯೂ ಇದೆ, ನೀರು ಮಾತ್ರ ಇಲ್ಲ. ಈ ಕಾಲುದಾರಿ ಮೆಕ್ಸಿಕೊ ಗಡಿಯ ಕ್ಯಾಂಪೊ ಊರಿನ ಬಳಿ ಶುರುವಾಗಿ ಕೆನಡಾ ಗಡಿಯವರೆಗೆ 2,650 ಮೈಲಿ ಹೋಗುತ್ತದೆ, ಹೆಚ್ಚುಕಡಿಮೆ 4,260 ಕಿಲೋಮೀಟರ್. 1968ರಲ್ಲಿ ಅಮೆರಿಕ ಕಾನೂನು ಮಾಡಿ ಇದಕ್ಕೆ ರಾಷ್ಟ್ರೀಯ ಮನ್ನಣೆ ಕೊಟ್ಟಿತು. ತುಂಡು ತುಂಡು ದಾರಿಗಳನ್ನೆಲ್ಲ ಕೂಡಿಸಿ ಮುಗಿಸುವ ಹೊತ್ತಿಗೆ 1993 ಬಂದಿತ್ತು. ಇಡೀ ದಾರಿ ನಡೆಯಲು ಸುಮಾರು ಐದು ತಿಂಗಳು ಬೇಕು. ನಮ್ಮಿಬ್ಬರಿಗೆ ಸಿಕ್ಕಿದ್ದು ಎರಡು ತಿಂಗಳ ರಜೆ. ಹಾಗಾಗಿ ಮರುಭೂಮಿಯ ಭಾಗವಷ್ಟೇ ಸಾಕು ಅಂದುಕೊಂಡಿದ್ದೆವು, ಕ್ಯಾಂಪೊದಿಂದ ಕೆನಡಿ ಮೆಡೋಸ್ ತನಕ ಸುಮಾರು 700 ಮೈಲಿ. ಗಡಿಯಿಂದ ಹೊರಡಲು ದಿನಕ್ಕೆ 50 ಜನರಿಗಷ್ಟೇ ಪರ್ಮಿಟ್ ಕೊಡುತ್ತಾರೆ. ಅಕ್ಕ ತಮ್ಮನಿಗೆ ಒಂದೇ ದಿನದ್ದು ಸಿಕ್ಕಿತ್ತು. ನನಗೆ 52, ಅವನಿಗೆ 49. ಮಂಡಿ ಇಬ್ಬರದೂ ಅಷ್ಟಕ್ಕಷ್ಟೇ.

ಹೊರಡುವ ಮುಂಚೆ ನಾವು ಹೆದರಿದ್ದು ಬಿಸಿಲಿಗೆ, ಬಾಯಾರಿಕೆಗೆ, ಹಾವಿಗೆ. ಅವಕ್ಕೆಲ್ಲ ತಯಾರಿ ನಡೆದಿತ್ತು. ಬೆಳ್ಳಿ ಬಣ್ಣದ ಕೊಡೆ ಕೂಡ ಕೊಂಡಿದ್ದೆ. ಗಾಳಿಯ ಬಗ್ಗೆ ಯಾರಾದರೂ ಹೇಳಿದರೆ, ಮರುಭೂಮಿಯಲ್ಲಿ ಗಾಳಿ ಬೀಸಿದರೆ ಒಳ್ಳೆಯದೇ ಅಲ್ಲವಾ, ತಂಪು ಅಂತ ನಕ್ಕಿದ್ದೆವು.

ಹಿಂದಿನ ದಿನ ಬೆಳಗಿನಿಂದ ಸಂಜೆಯವರೆಗೆ ನಡೆದದ್ದು ಬಹುಪಾಲು ಲಾಸ್ ಏಂಜಲಿಸ್ ನಗರಕ್ಕೆ ನೀರು ಒಯ್ಯುವ ಕಾಲುವೆಯ ಗುಂಟ. ವಿಲಿಯಂ ಮುಲ್‌ಹಾಲೆಂಡ್ ಎಂಬ ಎಂಜಿನಿಯರ್ 1908ರಿಂದ 1913ರವರೆಗೆ ನಿಂತು ಕಟ್ಟಿಸಿದ್ದು. ದೂರದ ಓವೆನ್ಸ್ ನದಿಯ ನೀರು ಒಂದೂ ಪಂಪಿಲ್ಲದೆ, ಬರೀ ಇಳಿಜಾರಿನಲ್ಲಿ 233 ಮೈಲಿ ಹರಿದು ಊರು ಸೇರುತ್ತದೆ. ಈ ಬಯಲಿನಲ್ಲಿ ಅದು ಒಂದಷ್ಟು ದೂರ ಕಬ್ಬಿಣದ ದೊಡ್ಡ ಕೊಳವೆ, ಆಮೇಲೆ ಕಾಂಕ್ರೀಟ್ ಮುಚ್ಚಿದ ಕಾಲುವೆ. ಬೆಟ್ಟದ ಮೇಲಿನ ಜಮೀನು ಖಾಸಗಿಯವರದಾದ್ದರಿಂದ ನಡೆಯುವವರ ದಾರಿ ಇಲ್ಲಿ ನೆತ್ತಿ ಬಿಟ್ಟು ಬಯಲಿಗೆ ಇಳಿದಿದೆ. ಕಾಲ ಕೆಳಗೆ ಒಂದು ಮಹಾನಗರ ಕುಡಿಯುವಷ್ಟು ನೀರು, ನಮ್ಮ ಬಾಟಲಿಯಲ್ಲಿ ಒಂದೂವರೆ ಲೀಟರ್. ತಮ್ಮ ಒಂದೆರಡು ಸಲ ಕಾಂಕ್ರೀಟಿಗೆ ಕೋಲು ಕುಟ್ಟಿ ನೋಡಿದ.

ಕಾಟನ್‌ವುಡ್ ಕ್ರೀಕ್‌ನ ನಲ್ಲಿಯಲ್ಲಿ ಕೆಲವೊಮ್ಮೆ ನೀರು ಬರುತ್ತದೆ, ಕೆಲವೊಮ್ಮೆ ಇಲ್ಲ. ನಮಗೆ ಬಂತು. ಅಲ್ಲಿ ಸಿಕ್ಕ ಒಬ್ಬ ಹಿರಿಯರು, ಎಪ್ಪತ್ತರ ಆಸುಪಾಸು ಇರಬೇಕು, ಈ ದಾರಿಯಲ್ಲಿ ಮೂರನೇ ಸಲ ನಡೆಯುತ್ತಿದ್ದವರು, ಸೇತುವೆಯ ಕೆಳಗೆ ಮೂಲೆಯಲ್ಲಿ ಟೆಂಟೇ ಹಾಕದೆ ಹಾಸಿಗೆ ಬಿಡಿಸಿದ್ದರು. "ನೀವೂ ಇಲ್ಲೇ ಬನ್ನಿ" ಅಂದರು. ಅಲ್ಲಿ ಕಸ, ಯಾರೋ ಬಿಟ್ಟುಹೋದ ಕಾಗದ, ಒಂಥರಾ ವಾಸನೆ. ನಾವು ದೂರದಲ್ಲಿ ಬೆಟ್ಟ ಚೆನ್ನಾಗಿ ಕಾಣುವ ಕಡೆ ಟೆಂಟ್ ಹೊಡೆದೆವು. ಬೆಟ್ಟ ಕಾಣುತ್ತದೆ ಅಂದರೆ ಬೆಟ್ಟದ ಗಾಳಿಗೂ ನಾವು ಕಾಣುತ್ತೇವೆ ಅನ್ನುವ ಸಣ್ಣ ವಿಚಾರ ಹೊಳೆಯಲಿಲ್ಲ. ರಾತ್ರಿ ಎರಡಕ್ಕೆ ಟೆಂಟ್ ಸುತ್ತಿಕೊಂಡು, ಹಾಸಿಗೆ ಎಳೆದುಕೊಂಡು, ಕೊನೆಗೆ ಸೇತುವೆ ಕೆಳಗೇ ಹೋದೆವು. ಹಿರಿಯರು ಎಚ್ಚರವಾಗಿದ್ದರು. ಏನೂ ಹೇಳಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟರು.

ಈ ಗಾಳಿ ಅಪರೂಪಕ್ಕೆ ಬರುವ ಬಿರುಗಾಳಿಯಲ್ಲ, ದಿನವಹಿ ದುಡಿಯುವ ಗಾಳಿ. ಬೆಟ್ಟಸಾಲಿನ ಒಂದು ಕಡೆ ಸ್ಯಾನ್ ವಾಕೀನ್ ಕಣಿವೆ, ಇನ್ನೊಂದು ಕಡೆ ಮರುಭೂಮಿ. ಹಗಲೆಲ್ಲ ಮರಳು ಕಾದು ಅಲ್ಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಆ ಜಾಗ ತುಂಬಲು ಕಣಿವೆಯ ಕಡೆಯ ತಂಪು ಗಾಳಿ ಟೆಹಾಚಪಿ ಬೆಟ್ಟಗಳ ಸಂದಿಯಲ್ಲಿ ನುಗ್ಗಿಬರುತ್ತದೆ. ಸಂದಿ ಕಿರಿದಾದಷ್ಟೂ ವೇಗ ಹೆಚ್ಚು, ನೀರಿನ ಪೈಪಿನ ಬಾಯಿಗೆ ಹೆಬ್ಬೆಟ್ಟು ಇಟ್ಟ ಹಾಗೆ. ವಸಂತದಿಂದ ಬೇಸಿಗೆಯ ಮೊದಲ ಭಾಗದವರೆಗೆ ಇದರ ಆಟ ಜೋರು, ಅದರಲ್ಲೂ ಮಧ್ಯಾಹ್ನ ಎದ್ದದ್ದು ರಾತ್ರಿಯಾದರೂ ಇಳಿಯುವುದಿಲ್ಲ. ನಾವು ಹೋಗಿದ್ದು ಮೇ ಮೊದಲ ವಾರ. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, 1980ರ ದಶಕದಿಂದಲೂ ಇಲ್ಲಿನವರು ತೂರಿಕೊಳ್ಳುತ್ತಲೇ ಇದ್ದಾರೆ: ಬೆಟ್ಟ, ಬಯಲು ಎಲ್ಲ ಕಡೆ ಸಾವಿರಾರು ಗಾಳಿಯಂತ್ರಗಳು. ಈಚೆಗೆ ಕಟ್ಟಿದ ಆಲ್ಟಾ ಎಂಬ ಒಂದು ಸ್ಥಾವರದ್ದೇ 1,500 ಮೆಗಾವಾಟ್ ಮೀರಿದ ಸಾಮರ್ಥ್ಯ. ಆ ಕಣದಲ್ಲಿ ಕಾಳು ಅವರಿಗೆ. ಹೊಟ್ಟು ನಾವು.

ಮೂರೂವರೆಗೆ ಎದ್ದೆವು. ಎದ್ದೆವು ಅನ್ನುವುದು ಹೆಚ್ಚಾಯಿತು, ಮಲಗಿರಲೇ ಇಲ್ಲ. ಗಾಳಿಯಲ್ಲಿ ಗಂಟುಮೂಟೆ ಕಟ್ಟುವುದಕ್ಕೆ ಒಂದು ಕ್ರಮವಿದೆ, ಅದನ್ನು ಅವತ್ತು ಕಲಿತೆ. ಯಾವುದನ್ನೂ ಕೆಳಗೆ ಇಡಬಾರದು. ಕೈಯಲ್ಲಿರಬೇಕು, ಇಲ್ಲವೇ ಚೀಲದಲ್ಲಿರಬೇಕು, ಇಲ್ಲವೇ ಮೈಕೆಳಗೆ ಇರಬೇಕು. ನಾಲ್ಕನೆಯ ಜಾಗವೇ ಇಲ್ಲ. ನಾನು ಕಾಲುಚೀಲ ಹಾಕಿಕೊಳ್ಳಲು ಟೋಪಿಯನ್ನು ಅರೆಕ್ಷಣ ನೆಲಕ್ಕಿಟ್ಟೆ. ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಅದು ಉರುಳುತ್ತಾ ಹೋದದ್ದು ಕಾಣಿಸಿತು, ಆಮೇಲೆ ಕಾಣಿಸಲಿಲ್ಲ. ಚೀಲದ ಹೊರಗೆ ಕಟ್ಟಿದ್ದ ಫೋಮ್ ಚಾಪೆಯನ್ನು ಹಿರಿಯರು ಬೊಟ್ಟು ಮಾಡಿ ತೋರಿಸಿ, "ಇದು ಹಾಯಿಪಟ. ಒಳಗೆ ತುರುಕಿ" ಅಂದರು. ಇನ್ನೂ ಒಂದು ಮಾತು ಹೇಳಿದರು: "ಮೇಲೆ ಹೋದಾಗ ಟರ್ಬೈನ್ ತಿರುಗುತ್ತಿದ್ದರೆ ಬೈದುಕೊಳ್ಳಬೇಡಿ. ನಿಂತಿದ್ದರೆ ಯೋಚನೆ ಮಾಡಿ." ಅರ್ಥ ಆಗಲಿಲ್ಲ. ಕೇಳೋಣ ಅಂದರೆ ಅವರು ಹೊದಿಕೆ ಎಳೆದುಕೊಂಡಿದ್ದರು.

ಸ್ಟವ್ ಹಚ್ಚುವ ಮಾತೇ ಇಲ್ಲ. ಇಂಥ ಗಾಳಿಯಲ್ಲಿ ಒಂದು ಕಿಡಿ ಹಾರಿದರೆ ಇಡೀ ಗುಡ್ಡ ಹೋದೀತು. ರಾತ್ರಿಯೇ ಡಬ್ಬಿಯಲ್ಲಿ ನೆನೆಹಾಕಿದ್ದ ಓಟ್ಸ್, ತಣ್ಣೀರಿಗೆ ಕಾಫಿಪುಡಿ ಹಾಕಿ ಕುಲುಕಿದ್ದು. ಅದನ್ನು ಕಾಫಿ ಅನ್ನಲು ನನಗೆ ಈಗಲೂ ಮನಸ್ಸಿಲ್ಲ.

ನಾಲ್ಕೂಕಾಲಿಗೆ ಹೊರಟಾಗ ಮುಂದೆ ಇದ್ದದ್ದು ಟೆಹಾಚಪಿ ವಿಲ್ಲೊ ಸ್ಪ್ರಿಂಗ್ಸ್ ರಸ್ತೆಯವರೆಗೆ 23.5 ಮೈಲಿ, ಅಂದರೆ 38 ಕಿಲೋಮೀಟರ್. ಏರಬೇಕಾದದ್ದು ಸುಮಾರು 3,100 ಅಡಿಯಿಂದ 6,000 ಅಡಿ ದಾಟಿ, ನಡುವೆ ಕಣಿವೆಗಳಿಗೆ ಇಳಿದು ಮತ್ತೆ ಹತ್ತಿ. ನೀರಿನ ಲೆಕ್ಕ: ಹತ್ತೂವರೆ ಕಿಲೋಮೀಟರಿಗೆ ಟೈಲರ್‌ಹಾರ್ಸ್ ಕಣಿವೆಯಲ್ಲಿ ಒಂದು ತೊರೆ. ಅಲ್ಲಿಂದಾಚೆ ರಸ್ತೆಯವರೆಗೆ 27 ಕಿಲೋಮೀಟರ್ ನಂಬುವಂಥ ನೀರಿಲ್ಲ. ಅಷ್ಟು ದೂರಕ್ಕೆ ತಲಾ ನಾಲ್ಕು ಲೀಟರ್, ನಾಲ್ಕು ಕಿಲೋ. ಇಲ್ಲಿ ನಡೆಯುವವರು ಬೆಳಗಾದರೆ ಒಬ್ಬರನ್ನೊಬ್ಬರು ಕೇಳುವುದು ಚೆನ್ನಾಗಿದ್ದೀರಾ ಅಂತ ಅಲ್ಲ, ಎಷ್ಟು ಲೀಟರ್ ಹೊತ್ತಿದ್ದೀರಾ ಅಂತ.

ಕತ್ತಲಲ್ಲಿ ಗಾಳಿಯಂತ್ರಗಳ ನಡುವೆ ನಡೆಯುವುದು ವಿಚಿತ್ರ. ನೂರಾರು ಕೆಂಪು ದೀಪಗಳು ಒಟ್ಟಿಗೇ ಹತ್ತಿ ಒಟ್ಟಿಗೇ ಆರುತ್ತವೆ. ಹತ್ತಿದಾಗ ಇಡೀ ಬಯಲು ಇದೆ, ಆರಿದಾಗ ಏನೂ ಇಲ್ಲ. ಹತ್ತಿರ ಹೋದಂತೆ ರೆಕ್ಕೆಯ ಸದ್ದು, ದೊಡ್ಡ ಬಟ್ಟೆಯನ್ನು ಯಾರೋ ನಿಧಾನವಾಗಿ ಒದರಿದ ಹಾಗೆ. ಬೆಳಕು ಹರಿದ ಮೇಲೆ ಜೋಶುವಾ ಮರಗಳು ಕಂಡವು. ಮರವೆಂದು ಕರೆದರೂ ಅದು ಯುಕ್ಕಾ ಜಾತಿಯ ಗಿಡ. ಗೊಂಚಲು ಗೊಂಚಲು ಕತ್ತಿಯೆಲೆ, ಅಡ್ಡಾದಿಡ್ಡಿ ತೋಳು. ಇಷ್ಟು ಗಾಳಿ ಇದ್ದೂ ಇದರ ಪರಾಗ ಗಾಳಿಯಲ್ಲಿ ಸಾಗುವುದಿಲ್ಲ. ಯುಕ್ಕಾ ಪತಂಗ ಎಂಬ ಸಣ್ಣ ಹುಳುವೇ ಹೂವಿನಿಂದ ಹೂವಿಗೆ ಹೊತ್ತು ತಂದು ಕೊಡಬೇಕು, ಅಲ್ಲೇ ಮೊಟ್ಟೆ ಇಡಬೇಕು. ಇದನ್ನು ತಮ್ಮನಿಗೆ ಹೇಳಲು ನಿಂತೆ. ಅವನು ಕಿವಿಯ ಹತ್ತಿರ ಕೈ ತಂದು "ಏನು?" ಅಂದ. ಮತ್ತೆ ಹೇಳಿದೆ. "ಏನಕ್ಕಾ?" ಅಂದ. ಮೂರನೇ ಸಲ ಕಿರುಚಿದೆ. "ಪತಂಗಾನಾ? ಈ ಗಾಳೀಲಾ?" ಅಂತ ಅವನೂ ಕಿರುಚಿದ. ಒಂದು ಸಣ್ಣ ಮಾತಿಗೆ ಇಷ್ಟು ಉಸಿರು ಖರ್ಚು ಮಾಡುವುದು ಸರಿಯಲ್ಲ ಅಂತ ಇಬ್ಬರಿಗೂ ಅನ್ನಿಸಿತು. ಅವತ್ತಿನ ಮಟ್ಟಿಗೆ ಮೂರು ಸನ್ನೆ ಮಾಡಿಕೊಂಡೆವು. ಕೋಲು ಮೇಲೆತ್ತಿದರೆ ನಿಲ್ಲು. ಬಾಟಲಿ ತೋರಿಸಿದರೆ ಕುಡಿ. ಅಂಗೈ ಬೀಸಿದರೆ ಏನಿಲ್ಲ, ನಡಿ.

ಕುಡಿಯುವ ಸನ್ನೆ ಇಲ್ಲದಿದ್ದರೆ ನಾವು ಮಧ್ಯಾಹ್ನದೊಳಗೆ ಬಿದ್ದಿರುತ್ತಿದ್ದೆವು. ಸೆಖೆಯಲ್ಲಿ ನಡೆದರೆ ಬೆವರು ಕಣ್ಣಿಗಿಳಿದು ನೆನಪಿಸುತ್ತದೆ. ಗಾಳಿಯಲ್ಲಿ ಬೆವರು ಹೊರಬರುವ ಮುಂಚೆಯೇ ಒಣಗಿ ಹೋಗುತ್ತದೆ. ಮೈ ತಂಪಾಗಿರುತ್ತದೆ, ಬಾಯಾರಿಕೆ ಗೊತ್ತಾಗುವುದಿಲ್ಲ, ತುಟಿ ಒಡೆದು ರಕ್ತ ಬಂದಾಗಲೇ ಗೊತ್ತಾಗುವುದು. ಹಾಗಾಗಿ ಅರ್ಧ ಗಂಟೆಗೊಮ್ಮೆ, ಬೇಕೋ ಬೇಡವೋ, ಗಡಿಯಾರ ನೋಡಿ ನಾಲ್ಕು ಗುಟುಕು. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದೆವು. ಧೂಳಿಗಷ್ಟೇ ಅಲ್ಲ. ಈ ಕೆರ್ನ್ ಕೌಂಟಿಯ ಮಣ್ಣಿನಲ್ಲಿ ಒಂದು ಬಗೆಯ ಶಿಲೀಂಧ್ರ ಇದೆ, ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋದರೆ ವ್ಯಾಲಿ ಫೀವರ್ ಎಂಬ ಕಾಯಿಲೆ ಬರುತ್ತದೆ. ಬಟ್ಟೆ ಎಷ್ಟು ತಡೆದೀತು ಎಂಬುದು ಬೇರೆ ಮಾತು.

ಬೆಟ್ಟ ಹತ್ತತೊಡಗಿದ ಮೇಲೆ ಗಾಳಿಯ ನಿಜವಾದ ರೀತಿ ತಿಳಿಯಿತು. ಸಮನಾಗಿ ಬೀಸುವ ಗಾಳಿ ಎಷ್ಟೇ ಜೋರಿರಲಿ, ಅದಕ್ಕೆ ಒಗ್ಗಿಕೊಳ್ಳಬಹುದು: ಎಡಕ್ಕೆ ಒರಗಿ, ಬಲಗೈ ಕೋಲನ್ನು ಸ್ವಲ್ಪ ದೂರ ಊರಿ, ಹೆಜ್ಜೆ ಗಿಡ್ಡ ಮಾಡಿ ನಡೆಯುವುದು. ನಮ್ಮ ದಾರಿ ಈಶಾನ್ಯಕ್ಕೆ, ಗಾಳಿ ವಾಯವ್ಯದಿಂದ. ದಿನವಿಡೀ ಎಡಗಿವಿಗೇ ಹೊಡೆತ. ಕಷ್ಟ ಇರುವುದು ಅದು ಒಮ್ಮೆಗೇ ನಿಂತಾಗ. ಒರಗಿದ ಗೋಡೆಯನ್ನು ಯಾರೋ ಎಳೆದುಕೊಂಡ ಹಾಗೆ, ನಾವು ಗಾಳಿ ಬಂದ ದಿಕ್ಕಿಗೇ ಬೀಳುತ್ತೇವೆ. ನಾನು ಮೂರು ಸಲ ಬಿದ್ದೆ, ಮೂರೂ ಸಲ ಗಾಳಿ ಇಲ್ಲದಾಗ. ವೇಗ ಎರಡು ಪಟ್ಟಾದರೆ ಮೈಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂದು ಶಾಲೆಯಲ್ಲಿ ಬರೆದದ್ದನ್ನು ಇಲ್ಲಿ ಸೊಂಟ ಕಲಿಯಿತು. ಸ್ವಲ್ಪ ಹೊತ್ತಾದ ಮೇಲೆ ಕಿವಿ ಪಳಗಿತು. ದೊಡ್ಡ ಬೀಸು ಬರುವ ಮುಂಚೆ ಮೇಲಿನ ಪೊದೆಗಳಲ್ಲಿ ರೈಲು ಬಂದಂಥ ಸದ್ದು. ಎರಡು ಮೂರು ಸೆಕೆಂಡು ಸಿಗುತ್ತದೆ. ಅಷ್ಟರಲ್ಲಿ ಕಾಲಗಲಿಸಿ, ಕೋಲು ಊರಿ, ತಲೆ ತಗ್ಗಿಸಿ ನಿಲ್ಲಬೇಕು. ಹೋಗಲಿ ಬಿಡು ಅಂತ ಬಿಟ್ಟುಕೊಡಬೇಕು. ಆಮೇಲೆ ನಡೆಯಬೇಕು. ಆಷಾಢದ ಗಾಳಿ ಕಂಡವಳು ನಾನು ಅಂತ ಇದ್ದ ಸೊಕ್ಕು ಅಲ್ಲಿಗೆ ಇಳಿಯಿತು.

ಎಂಟೂವರೆ ಹೊತ್ತಿಗೆ ಟೈಲರ್‌ಹಾರ್ಸ್ ಕಣಿವೆಗೆ ಇಳಿದೆವು. ಇಳಿದ ಕೂಡಲೇ ಗಾಳಿ ನಿಂತಿತು. ನಿಲ್ಲಲಿಲ್ಲ, ನಮ್ಮ ತಲೆಯ ಮೇಲೆ ಹೋಗುತ್ತಿತ್ತು. ಸಣ್ಣ ತೊರೆ, ಎರಡು ಅಂಗೈ ಅಗಲ, ಆದರೆ ಹರಿಯುವ ನೀರು. ಬಂಡೆಯ ಪಕ್ಕ ಬಿಸಿಲು ಬಿದ್ದ ಒಂದು ಮೂಲೆ ಇತ್ತು. ಕೂರಲು ಎರಡು ಹೆಜ್ಜೆ ಇಟ್ಟೆ. ತಮ್ಮ ಕೋಲು ಎತ್ತಿದ. ಏನೋ ಹೇಳುತ್ತಾನೆ ಅಂದುಕೊಂಡು ತಿರುಗಿದರೆ ಅವನ ಕಣ್ಣು ನನ್ನ ಕಾಲ ಹತ್ತಿರ. ಆ ಮೂಲೆಯಲ್ಲಿ ಹಾವೊಂದು ಸುರುಳಿ ಸುತ್ತಿಕೊಂಡಿತ್ತು, ಬಾಲ ಎತ್ತಿ ಅಲುಗಿಸುತ್ತಿತ್ತು. ಬುಡುಬುಡಿಕೆ ಹಾವು, ರಾಟಲ್‌ಸ್ನೇಕ್. ಇದನ್ನು ಎಂದೂ ಮರೆಯಲಾರೆ: ಬಾಲ ಅಲುಗುವುದು ಕಾಣುತ್ತಿತ್ತು, ಸದ್ದು ಇಲ್ಲ. ಗಂಟೆಗಟ್ಟಲೆ ಗಾಳಿ ತಿಂದ ಕಿವಿಗೆ, ಮೇಲೆ ಇನ್ನೂ ಮೊರೆಯುತ್ತಿದ್ದ ಗಾಳಿಯಲ್ಲಿ, ಆ ಎಚ್ಚರಿಕೆ ಮುಟ್ಟಲೇ ಇಲ್ಲ. ಅದೂ ಪಾಪ ಗಾಳಿಮರೆ ಹುಡುಕಿಕೊಂಡು ಬಂದದ್ದು. ಮೂಲೆ ಅದಕ್ಕೇ ಬಿಟ್ಟು ನಾವು ನೀರಿನ ಆಚೆ ಹೋದೆವು.

ನೀರು ಸೋಸಿ ತುಂಬುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಎಂಟು ಲೀಟರ್. ಹಿಂಡುವ ಫಿಲ್ಟರಿನಲ್ಲಿ ಎಂಟು ಲೀಟರ್ ಅಂದರೆ ಮಣಿಕಟ್ಟು ನೋಯುತ್ತದೆ.

ಇನ್ನು ಚಟ್ನಿಪುಡಿಯ ವಿಷಯ. ಮನೆಯಿಂದ ಹೊರಡುವಾಗಲೇ ಬೇಡ ಅಂದಿದ್ದೆ. ಒಂದೊಂದು ಗ್ರಾಮೂ ತೂಗಿ ಹಾಕುವ ನಡಿಗೆಯಲ್ಲಿ ಕಾಲು ಕಿಲೋ ಚಟ್ನಿಪುಡಿ ಯಾಕೆ? "ಅಕ್ಕ, ಆ ಟೋರ್ಟಿಯಾ ರೊಟ್ಟಿ ಹಾಗೇ ತಿನ್ನೋಕಾಗಲ್ಲ ಕಣೆ" ಅಂತ ತಂದಿದ್ದ. ನಿಜ ಹೇಳಬೇಕೆಂದರೆ 500 ಮೈಲಿ ನಾನೂ ಅದರ ಋಣದಲ್ಲೇ ಇದ್ದೆ. ಕಣಿವೆಯಿಂದ ಮೇಲೆ ಹತ್ತಿ, ಗ್ಯಾಂಬಲ್ ಸ್ಪ್ರಿಂಗ್ ಕಣಿವೆ ದಾಟಿ, ಅಂಕುಡೊಂಕು ಏರಿನ ಒಂದು ತಿರುವಿನಲ್ಲಿ ಹನ್ನೊಂದಕ್ಕೆ ಊಟಕ್ಕೆ ಕೂತೆವು. ಗಾಳಿಗೆ ಬೆನ್ನು ಕೊಟ್ಟು ನಾನು, ನನ್ನ ಎದುರಿಗೆ ಅವನು. ನಾನು ಪೊಟ್ಟಣದ ಬಾಯಿ ಬಿಚ್ಚಿದೆ. ಬೆನ್ನು ಕೊಟ್ಟರೆ ಗಾಳಿ ಸುಮ್ಮನಿರುವುದಿಲ್ಲ, ಎರಡು ಬದಿಯಿಂದ ಸುತ್ತಿ ಬಂದು ಮುಂದೆ ಸುಳಿ ಹಾಕುತ್ತದೆ. ಪೊಟ್ಟಣದಿಂದ ಒಂದು ಕೆಂಪು ಮೋಡ ಎದ್ದು ನೇರ ಅವನ ಕಣ್ಣಿಗೆ ಹೋಯಿತು.

ಅವನು ಕಿರುಚಿದ್ದು ಮಾತ್ರ ಅವತ್ತು ಗಾಳಿಯನ್ನೂ ಮೀರಿ ಸ್ಪಷ್ಟವಾಗಿ ಕೇಳಿಸಿತು.

ಕಣ್ಣು ತೊಳೆಯಲು ಮುಕ್ಕಾಲು ಲೀಟರ್ ನೀರು ಹೋಯಿತು. ಇನ್ನೂ 20 ಕಿಲೋಮೀಟರಿಗೂ ಹೆಚ್ಚು ಬಾಕಿ. ನಾನು "ತರಬೇಡ ಅಂದಿದ್ದೆ ತಾನೇ?" ಅಂದೆ. ಆಗ ಹೇಳಬಾರದಿತ್ತು. "ಬಿಚ್ಚಿದ್ದು ಯಾರು?" ಅಂದ. "ಗಾಳಿಗೆದುರು ಕೂತವನು ಯಾರು?" ಅಂದೆ. ಹೀಗೆ ಒಂದೆರಡು ಮಾತು, ಒಂದೊಂದನ್ನೂ ಎರಡೆರಡು ಸಲ ಕಿರುಚಿ. ಜಗಳವಾಡುವುದಕ್ಕೆ ಗಾಳಿಯಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಚುಚ್ಚುಮಾತನ್ನು ಯಾರಾದರೂ "ಏನಂದೆ?" ಅಂತ ಕೇಳಿಬಿಟ್ಟರೆ ಮತ್ತೆ ಹೇಳುವ ಹೊತ್ತಿಗೆ ಅದರ ಮೊನೆ ಹೋಗಿರುತ್ತದೆ. ಅವನು ಎದ್ದು ನಡೆದ. ಕೆಂಪು ಕಣ್ಣು, ಬಿಗಿದ ಮುಖ. ನಾನು ಹಿಂದೆ. ಎರಡು ಗಂಟೆ ಮಾತಿಲ್ಲ. ಆದರೆ ಮುಂಚೆಯೂ ಮಾತಿರಲಿಲ್ಲ, ಹಾಗಾಗಿ ಮುನಿಸು ನಡೆಯುತ್ತಿದೆ ಎಂದು ನನಗೆ ಗೊತ್ತಾಗುತ್ತಿದ್ದದ್ದು ಒಂದರಿಂದಲೇ: ಬಾಟಲಿ ತೋರಿಸುವ ಸನ್ನೆ ಮಾಡುವಾಗ ಅವನು ತಿರುಗಿ ನೋಡುತ್ತಿರಲಿಲ್ಲ, ಬೆನ್ನ ಹಿಂದೆ ಬಾಟಲಿ ಎತ್ತಿ ಅಲ್ಲಾಡಿಸುತ್ತಿದ್ದ. ಮುನಿಸಿನಲ್ಲೂ ಅರ್ಧ ಗಂಟೆ ತಪ್ಪಲಿಲ್ಲ.

ಈ ಏರಿನಲ್ಲಿ ದಾರಿ ಕೆಲವು ಕಡೆ ಗುಂಡಿಬಿದ್ದು ಮೊಣಕಾಲುದ್ದದ ಚರಂಡಿಯಾಗಿದೆ. ಮೋಟಾರ್‌ಸೈಕಲ್‌ನವರ ಕೆಲಸ. ಈ ಟ್ರೇಲ್‌ನಲ್ಲಿ ಮೋಟಾರು ಗಾಡಿ, ಸೈಕಲ್ ಎರಡೂ ನಿಷಿದ್ಧ, ಆದರೂ ನುಗ್ಗುತ್ತಾರೆ. ಸಡಿಲಾದ ಮರಳಿನಲ್ಲಿ ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಬೈದುಕೊಂಡೇ ಹತ್ತಿದೆ. ಆದರೆ ಆ ಚರಂಡಿಯಲ್ಲಿ ಕೂತರೆ ತಲೆಯವರೆಗೂ ಗಾಳಿಮರೆ ಸಿಗುತ್ತದೆ ಎಂದು ಆಮೇಲೆ ಗೊತ್ತಾಯಿತು, ಕೂತೆವು ಕೂಡ. ಬೈಗುಳ ಅಷ್ಟರಮಟ್ಟಿಗೆ ವಾಪಸ್.

ಎತ್ತರ 6,000 ಅಡಿ ದಾಟಿದಾಗ ಚಳಿ ಶುರುವಾಯಿತು. ಮರುಭೂಮಿಯ ನಡು ಮಧ್ಯಾಹ್ನ, ತಲೆಯ ಮೇಲೆ ಸುಡುವ ಸೂರ್ಯ, ಮೈಮೇಲೆ ಮಳೆಯ ಜಾಕೆಟ್, ಕೈಗವಸು. ಜಾಕೆಟ್ಟಿನ ಟೊಪ್ಪಿಗೆ ಕಿವಿಗೆ ಬಡಿದು ಬಡಿದು ಯಂತ್ರದ ಪಕ್ಕ ನಿಂತಂತಿತ್ತು. ಕೆಳಗೆ ಬಲಕ್ಕೆ ಆಂಟಿಲೋಪ್ ಕಣಿವೆ ಪೂರ್ತಿ ಕಾಣುತ್ತಿತ್ತು, ನೆಲದಿಂದ ಎದ್ದ ಧೂಳು ಹಳದಿ ಪರದೆಯ ಹಾಗೆ ಪೂರ್ವಕ್ಕೆ ಹೋಗುತ್ತಿತ್ತು. ಉಪಗ್ರಹದ ಸಂದೇಶಯಂತ್ರದಲ್ಲಿ ಬೆಳಿಗ್ಗೆ ಬಂದ ಮುನ್ಸೂಚನೆ ಗಂಟೆಗೆ 45 ಮೈಲಿಯ ಬೀಸು ಅಂದಿತ್ತು, ಅಂದರೆ 72 ಕಿಲೋಮೀಟರ್. ಗಾಳಿಯ ಜೋರು ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 62ರಿಂದ 74 ಕಿಲೋಮೀಟರ್‌ವರೆಗೆ ಎಂಟನೇ ಹಂತ. ಅದರ ವಿವರಣೆಯಲ್ಲಿ "ಮರದ ಸಣ್ಣ ಕೊಂಬೆ ಮುರಿಯುತ್ತದೆ, ನಡೆಯಲು ಅಡಚಣೆಯಾಗುತ್ತದೆ" ಎಂಬರ್ಥದ ಮಾತಿದೆ. ಅಡಚಣೆ ಅನ್ನುವ ಮಾತು ಬರೆದವರು ಬೆನ್ನಿಗೆ 13 ಕಿಲೋ ಕಟ್ಟಿಕೊಂಡಿರಲಿಲ್ಲ ಅನಿಸುತ್ತದೆ.

549ನೇ ಮೈಲಿಯ ಹತ್ತಿರ, ಎರಡು ಗಂಟೆ ಸುಮಾರಿಗೆ, ಜುನಿಪರ್ ಪೊದೆಗಳ ಪಕ್ಕ ಪ್ಲಾಸ್ಟಿಕ್ ನೀರಿನ ಕ್ಯಾನುಗಳು ಕಂಡವು, ಹಗ್ಗ ಹಾಕಿ ಒಂದಕ್ಕೊಂದು ಕಟ್ಟಿ, ಕಲ್ಲು ಹೇರಿ. ಟ್ರೇಲ್ ಏಂಜಲ್ ಅನ್ನುತ್ತಾರೆ, ಯಾರೋ ಪುಣ್ಯಾತ್ಮರು ಮಣ್ಣುದಾರಿಯಲ್ಲಿ ಗಾಡಿ ತಂದು ಇಟ್ಟುಹೋಗುವುದು. ಇದೆ ಎಂದು ಮೊದಲೇ ಕೇಳಿದ್ದೆವು, ಆದರೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಡಿಯಲೂ ಬಾರದು. ನಿನ್ನೆ ಇದ್ದ ನೀರು ಇವತ್ತು ಖಾಲಿಯಾಗಿದ್ದರೆ ಅಲ್ಲಿ ಅಳುವುದಕ್ಕೂ ಕಣ್ಣೀರಿರುವುದಿಲ್ಲ. ಏಳು ಕ್ಯಾನಿನಲ್ಲಿ ಆರು ಖಾಲಿ. ಏಳನೆಯದರಲ್ಲಿ ಕಾಲು ಭಾಗ ಇತ್ತು. ತಮ್ಮ ನನ್ನ ಬಾಟಲಿ ಕೇಳಿ ಇಸಿದುಕೊಂಡು, ಒಂದು ಲೀಟರ್ ತುಂಬಿ, ಕೈಗೆ ಕೊಟ್ಟ. ಉಳಿದದ್ದನ್ನು ಹಿಂದೆ ಬರುವ ಹಿರಿಯರಿಗೆ ಬಿಟ್ಟೆವು. ಅವನು ನನ್ನ ಕಿವಿಗೆ ಬಾಯಿ ಹತ್ತಿರ ತಂದು, "ಚಟ್ನಿಪುಡಿ ಇನ್ನೂ ಅರ್ಧ ಇದೆ" ಅಂದ. ಹಾಗೆ ಮುಗಿಯಿತು.

ಅಲ್ಲಿಂದ ಇನ್ನು 15 ಕಿಲೋಮೀಟರ್, ಹೆಚ್ಚಾಗಿ ಇಳಿಜಾರು. ಇಳಿಜಾರು ಸುಲಭ ಎಂದವರು ಹಿಂದಿನಿಂದ ಬೀಸುವ ಗಾಳಿಯಲ್ಲಿ ಇಳಿದಿಲ್ಲ. ತಿರುವು ಬಂದಾಗಲೆಲ್ಲ ಗಾಳಿ ಬೆನ್ನಿಗೆ ಬಂದು ಓಡಿಸುತ್ತಿತ್ತು, ಇಷ್ಟವಿಲ್ಲದ ಮದುವೆಗೆ ಹೆಣ್ಣನ್ನು ನೂಕಿದ ಹಾಗೆ. ಮಂಡಿ ಎರಡೂ ಒಟ್ಟಿಗೆ ಮಾತಾಡತೊಡಗಿದವು. ಒಂದು ಹೊರಳಿನಲ್ಲಿ ಎದುರಿನ ಗುಡ್ಡದ ಮೇಲಿನ ಗಾಳಿಯಂತ್ರಗಳ ಸಾಲು ಕಂಡಿತು. ಹತ್ತು ಹನ್ನೆರಡು ಇದ್ದವು. ಒಂದೂ ತಿರುಗುತ್ತಿರಲಿಲ್ಲ.

ಹಿರಿಯರ ಮಾತಿಗೆ ಆಗ ಅರ್ಥ ಸಿಕ್ಕಿತು. ದೊಡ್ಡ ಗಾಳಿಯಂತ್ರಗಳು ಗಾಳಿ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ಹತ್ತಿರ ಬಂದರೆ ರೆಕ್ಕೆಯ ಅಲಗನ್ನು ಗಾಳಿಗೆ ಓರೆ ಮಾಡಿಕೊಂಡು ನಿಂತುಬಿಡುತ್ತವೆ, ಮುರಿಯದಿರಲಿ ಎಂದು. ನಿಲ್ಲಲು ಬೇರೆ ಕಾರಣವೂ ಇರಬಹುದು, ದುರಸ್ತಿ ಇರಬಹುದು, ಆ ಹೊತ್ತಿಗೆ ವಿದ್ಯುತ್ ಬೇಡವಾಗಿರಬಹುದು. ಆದರೆ ಗಾಳಿಗೆಂದೇ ಹುಟ್ಟಿದ ಯಂತ್ರ ನನಗಾಗಲ್ಲಪ್ಪ ಎಂದು ಕೈಕಟ್ಟಿ ನಿಂತಂತೆ ಕಂಡಾಗ, ಅದರ ಕೆಳಗಿನ ಬೋಳು ಏಣಿನ ಮೇಲೆ ನಡೆಯಬೇಕಾದವರಿಗೆ ಕಾರಣಗಳ ಪಟ್ಟಿ ನೆನಪಾಗುವುದಿಲ್ಲ. ನಾವು ಅಲ್ಲೇ ಒಂದು ಬಂಡೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತೆವು. ಇಪ್ಪತ್ತು ನಿಮಿಷ, ಅರ್ಧ ಗಂಟೆ. ಹೊತ್ತು ಇಳಿಯುತ್ತಿತ್ತು, ನೀರು ತಲಾ ಮುಕ್ಕಾಲು ಲೀಟರ್. ಇಲ್ಲೇ ಮಲಗೋಣ ಅಂದರೆ ರಾತ್ರಿ ಗಾಳಿ ಇನ್ನೂ ಏರುತ್ತದೆ ಎಂದು ಮುನ್ಸೂಚನೆ. ಏಣಿನ ಉದ್ದ ಅರ್ಧ ಕಿಲೋಮೀಟರ್ ಇದ್ದೀತು. ಕೊನೆಗೆ ಅವನು ನನ್ನ ಚೀಲದ ಪಟ್ಟಿಗೆ ಕೈ ಹಾಕಿದ, ನಾನು ಅವನದಕ್ಕೆ. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಹೀಗೆ ಹಿಡಿದುಕೊಂಡು ಓಡಾಡಿದ್ದೆವು. ನಾಲ್ಕು ಕಾಲು, ಎರಡು ಕೋಲು. ಬೀಸು ಬಂದಾಗ ಇಬ್ಬರೂ ಕೂತುಬಿಡುವುದು, ಹೋದ ಮೇಲೆ ಏಡಿಯ ಹಾಗೆ ಅಡ್ಡಡ್ಡ ನಾಲ್ಕು ಹೆಜ್ಜೆ. ಆ ಅರ್ಧ ಕಿಲೋಮೀಟರಿಗೆ ನಲವತ್ತು ನಿಮಿಷ.

ದಾಟಿದ ಮೇಲೆ ನೆನಪಿಡುವಂಥದ್ದೇನೂ ಆಗಲಿಲ್ಲ. ಇಳಿದೆವು, ಇಳಿದೆವು, ಇಳಿದೆವು. ಕ್ಯಾಲಿಫೋರ್ನಿಯಾದ ಕಿತ್ತಳೆ ಬಣ್ಣದ ಗಸಗಸೆ ಹೂಗಳು ದಾರಿ ಬದಿಯಲ್ಲಿ ಎಸಳು ಮುಚ್ಚಿ ನಿಂತಿದ್ದವು. ಗಾಳಿ, ಚಳಿ ಎರಡೂ ಆಗದ ಹೂವು. ಅವುಗಳ ಮೇಲೆ ಸ್ವಲ್ಪ ಅಸೂಯೆಯಾಯಿತು.

ಏಳೂವರೆಗೆ ರಸ್ತೆ ಮುಟ್ಟಿದೆವು. ಟೆಹಾಚಪಿ ಊರು ಅಲ್ಲಿಂದ ಹತ್ತು ಮೈಲಿ ಹತ್ತಿರ. ಹೆಬ್ಬೆರಳು ತೋರಿಸಿ ನಿಂತರೆ ಕೈ ಕೂಡ ಗಾಳಿಗೆ ಹಾರುತ್ತಿತ್ತು. ನಾಲ್ಕನೆಯದೋ ಐದನೆಯದೋ ಕಾರು ನಿಂತಿತು. ವಯಸ್ಸಾದ ಒಬ್ಬರು ಹೆಂಗಸು. ಗಾಜು ಇಳಿಸಿ, "ಬಾಗಿಲು ಗಟ್ಟಿಯಾಗಿ ಹಿಡಿದು ತೆಗೀರಿ, ಇಲ್ಲದಿದ್ದರೆ ಕಿತ್ತುಕೊಂಡು ಹೋಗುತ್ತೆ" ಅಂದರು. ಇಬ್ಬರೂ ಸೇರಿ ಹಿಡಿದು ತೆಗೆದು, ಚೀಲ ತೂರಿಸಿ, ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡೆವು.

ನಾನು ತಮ್ಮನಿಗೆ, ಟೋಪಿ ಒಂದು ಕೊಳ್ಳಬೇಕು ಕಣೋ ಅಂದೆ. ಅವನು ಮೊದಲು ಅನ್ನ ಸಿಗುವ ಕಡೆ ಹೋಗೋಣ, ಆಮೇಲೆ ನಿನ್ನ ಟೋಪಿ ಅಂದ. ನಾಳೆ ಅಂಗಡಿ ತೆಗೆಯುವುದು ಎಷ್ಟೊತ್ತಿಗೋ ಅಂದೆ. ನಾಳೆ ವಿಚಾರ ನಾಳೆಗೆ ಅಂದ.

ಆಕೆ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ಮೆಲ್ಲಗೆ, ಮಕ್ಕಳನ್ನು ಕೇಳುವ ಹಾಗೆ, "ನೀವಿಬ್ಬರೂ ಯಾತಕ್ಕೆ ಜಗಳ ಆಡುತ್ತಿದ್ದೀರಿ?" ಎಂದು ಕೇಳಿದರು.

"ಜಗಳಾನಾ? ಇಲ್ಲವಲ್ಲ!" ಎಂದು ಇಬ್ಬರೂ ಒಟ್ಟಿಗೇ ಕಿರುಚಿದೆವು.